ಲೆಕ್ಕ ನಿನ್ನ ಕೈ ಬಿಟ್ಟದ್ದು ಯಾವಾಗ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಜೊತೆಗೆ ಮಳೆಗಾಲದ ಅಬ್ಬರ. ಈ 61 ದಿನ ಕಾರವಾರದ ಕಡೆಯ ಹೈಸ್ಕೂಲುಗಳಲ್ಲಿ ಹಿಂದಿನ ಬೆಂಚೂ ತುಂಬಿರುತ್ತದೆ. ಆಗಸ್ಟಿನಲ್ಲಿ ಬೋಟು ಇಳಿಯಿತು ಅಂದರೆ ಒಬ್ಬೊಬ್ಬರೇ ಕಾಣೆಯಾಗಲು ಶುರು. ಮೊದಲು ಸೋಮವಾರ ಬರುವುದಿಲ್ಲ. ಆಮೇಲೆ ಪರೀಕ್ಷೆಗೆ ಮಾತ್ರ ಬರುತ್ತಾರೆ. ಹಾಗಾಗಿ ಓದಿನಲ್ಲಿ ಹಿಂದುಳಿದ ಮಕ್ಕಳ ಜೊತೆ ಏನಾದರೂ ಮಾಡಬೇಕು ಅಂದರೆ ನನಗೆ ಸಿಗುವುದು ಆ ಎರಡು ತಿಂಗಳು. ಅದರಲ್ಲೂ ರೆಡ್ ಅಲರ್ಟ್ ಎಂದು ರಜೆ ಕೊಟ್ಟ ದಿನಗಳನ್ನು ಕಳೆಯಬೇಕು.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ತುಂಬಾ ಜನರ ಮನೆಮಾತು ಕೊಂಕಣಿ. ಕೆಲವರ ಮನೆಯವರು ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟುಕೊಟ್ಟು ಬೇರೆ ಊರಿಗೆ ಬಂದವರು. ಕೆಲವರ ಅಪ್ಪಂದಿರು ಬೋಟಿನಲ್ಲಿ, ಕೆಲವರ ತಾಯಂದಿರು ಮೀನು ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಾರೆ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಈ ಮಕ್ಕಳಲ್ಲಿ ಕೆಲವರ ಮೇಲೆ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ: "ಅವನಿಗೆ ಇಂಟರೆಸ್ಟೇ ಇಲ್ಲ." ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ, ಮನೆಯಲ್ಲಿ ಹೇಳುತ್ತಾರೆ. ಕೊನೆಗೆ ಅವನೂ ಹಾಗೇ ಹೇಳಿಕೊಳ್ಳುತ್ತಾನೆ.

ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದ ಹದಿನಾಲ್ಕು ವರ್ಷದ ಮಗುವನ್ನು ನಾನು ಇನ್ನೂ ನೋಡಿಲ್ಲ. ಪುಸ್ತಕ ಕಂಡರೆ ಮುಖ ತಿರುಗಿಸುವವನು ಹರಿದ ಬಲೆ ಹೊಲಿಯುತ್ತಾ ಮೂರು ಗಂಟೆ ತಲೆ ಎತ್ತದೆ ಕೂತಿರುತ್ತಾನೆ. ಅಂದರೆ ಮನಸ್ಸಿಟ್ಟು ಕೂರುವ ಶಕ್ತಿ ಅವನಲ್ಲಿ ಇದೆ. ಅದು ತರಗತಿಯೊಳಗೆ ಯಾಕೆ ಬರುವುದಿಲ್ಲ ಎಂದು ಹುಡುಕುವುದು ನಮ್ಮ ಕೆಲಸ ಅಲ್ವಾ?

ನಾನು ಮಾಡುವುದು ಬಹಳ ಸರಳ. ಜೂನ್ ತಿಂಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ಟೇಬಲ್ಲಿನ ಆಚೆ ಈಚೆ ಕೂರುವುದಿಲ್ಲ, ಅದು ವಿಚಾರಣೆಯ ಹಾಗೆ ಆಗಿಬಿಡುತ್ತದೆ. ಜಗುಲಿಯಲ್ಲಿ ಪಕ್ಕಪಕ್ಕ ಕೂತು ಮಳೆ ನೋಡುತ್ತಾ ಮಾತಾಡುತ್ತೇವೆ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಿದ್ದರೆ ಗಂಡು ಹುಡುಗರು ಬೇಗ ಬಾಯಿ ಬಿಡುತ್ತಾರೆ. ಮೊದಲ ಸಲ ಓದಿನ ಮಾತು ತೆಗೆಯುವುದೇ ಇಲ್ಲ. "ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ?" ಎಂದು ಕೇಳುತ್ತೇನೆ. "ಯಾವುದನ್ನು ನಿನ್ನ ಹತ್ತಿರ ಕೇಳಲು ಬೇರೆಯವರು ಬರುತ್ತಾರೆ?" ಎಂದೂ ಕೇಳುತ್ತೇನೆ. ಈ ಎರಡನೇ ಪ್ರಶ್ನೆಗೆ ಹೆಚ್ಚಿನವರು ಮೊದಲು "ಯಾರೂ ಬರುವುದಿಲ್ಲ" ಅನ್ನುತ್ತಾರೆ. ಸುಮ್ನೆ ಕೂತರೆ ಸ್ವಲ್ಪ ಹೊತ್ತಿಗೆ ಬರುತ್ತದೆ. "ಬಲೆಗೆ ಗಂಟು ಹಾಕಲು ಕರೀತಾರೆ." "ತಂಗಿಗೆ ಜಡೆ ಹಾಕಲು ನಾನೇ ಬೇಕು." "ಮೊಬೈಲ್ ಹಾಳಾದರೆ ಕೇರಿಯವರು ನನಗೇ ಕೊಡ್ತಾರೆ."

ಎರಡನೇ ಸಲ ಕೂತಾಗ ಇನ್ನೊಂದು ಪ್ರಶ್ನೆ. "ಲೆಕ್ಕ ನಿನ್ನ ಕೈ ಬಿಟ್ಟದ್ದು ಯಾವಾಗ?" ಈ ಪ್ರಶ್ನೆಯ ಮೇಲೆ ನನಗೆ ತುಂಬಾ ನಂಬಿಕೆ. ಯಾಕೆ ಬರುವುದಿಲ್ಲ ಎಂದು ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ಯಾವಾಗ ಎಂದು ಕೇಳಿದರೆ ಯೋಚಿಸುತ್ತದೆ. ಮತ್ತು ಆಶ್ಚರ್ಯ ಅಂದರೆ ಅವರಿಗೆ ನೆನಪಿರುತ್ತದೆ. ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಬಂದಾಗ ಎಂದು ಒಬ್ಬಳು ಹೇಳಿದಳು. ಅಪ್ಪ ಹೋದ ವರ್ಷ ಎಂದು ಒಬ್ಬ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ ಎಂದು ಹೇಳಿದವರಂತೂ ಬಹಳ ಜನ. ಒಬ್ಬ ಹುಡುಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಐದನೇ ಕ್ಲಾಸಲ್ಲಿ ಬೋರ್ಡಿಗೆ ಕರೆದರು. ಬರಲಿಲ್ಲ. ಎಲ್ಲರೂ ನಗಾಡಿದರು. ಅವತ್ತಿಂದ ನಾನು ಕೈ ಎತ್ತಲಿಲ್ಲ ಟೀಚರ್." ನಾಲ್ಕು ವರ್ಷ! ಅಷ್ಟೂ ವರ್ಷ ಅವನಿಗೆ ಆಸಕ್ತಿ ಇಲ್ಲ ಎಂದು ಬರೆದುಕೊಂಡೇ ಬಂದಿದ್ದೇವೆ.

ಈ ಎರಡು ಮಾತುಕತೆಗಳಿಂದ ನನ್ನ ವಹಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ಸಾಲು ಸಿಗುತ್ತವೆ. ಒಂದು, ಎಲ್ಲಿ ಜೀವ ಇದೆ. ಎರಡು, ಎಲ್ಲಿ ಕಡಿದಿದೆ. ಎರಡೂ ಬೇಕು. ಮೊದಲನೆಯದನ್ನು ಮಾತ್ರ ಹಿಡಿದುಕೊಂಡು "ಮಕ್ಕಳ ಆಸಕ್ತಿಯಿಂದ ಕಲಿಸಿ" ಎಂದು ಹೇಳುವ ತರಬೇತಿಗಳಿಗೆ ನಾನು ಹೋಗಿದ್ದೇನೆ. ಕೇಳಲು ಚೆಂದ. ಆದರೆ ದಶಕ ಸಾಲ ತಂದು ಕಳೆಯಲು ಬಾರದ ಮಗುವಿಗೆ ಕ್ರಿಕೆಟ್ ಉದಾಹರಣೆ ಕೊಟ್ಟರೂ ಕಳೆಯಲು ಬರುವುದಿಲ್ಲ. ಕ್ರಿಕೆಟ್ ಮೇಲಿನ ಪ್ರೀತಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ.

ಎಲ್ಲಿ ಕಡಿದಿದೆ ಎಂದು ನೋಡಲು ದೊಡ್ಡ ಪರೀಕ್ಷೆ ಬೇಡ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಹಳ್ಳಿ ಮಕ್ಕಳಿಗೆ ಕೊಡುವ ಒಂದು ಹಾಳೆ ಇದೆ. ಅಕ್ಷರ, ಶಬ್ದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ಎರಡಂಕಿ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ನಾನು ಅದೇ ಮಾದರಿಯಲ್ಲಿ ಒಂದು ಹಾಳೆ ಮಾಡಿಕೊಂಡಿದ್ದೇನೆ. ಒಬ್ಬ ಮಗುವಿಗೆ ಹತ್ತು ನಿಮಿಷ ಸಾಕು. ಆದರೆ ಒಂಟಿಯಾಗಿ ಮಾಡಿಸಬೇಕು. ಒಂಬತ್ತನೇ ತರಗತಿಯವನಿಗೆ ಎರಡನೇ ತರಗತಿಯ ಕಥೆ ಓದಿಸುತ್ತಿದ್ದಾರೆ ಎಂದು ಪಕ್ಕದವನಿಗೆ ಗೊತ್ತಾದರೆ ಅಲ್ಲಿಗೆ ಮುಗಿಯಿತು.

ಹೀಗೆ ನೋಡುವಾಗ ಒಬ್ಬ ಹುಡುಗ ಹಾಳೆಯನ್ನು ಮೂಗಿನ ಹತ್ತಿರ ಹಿಡಿದ. ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಕನ್ನಡಕ ಬಂತು, ಮುಂದಿನ ಬೆಂಚಿಗೆ ಬಂದ, ಅಷ್ಟೇ. ಕೆಲವೊಮ್ಮೆ ವಿಷಯ ಅಷ್ಟು ಸಣ್ಣದಿರುತ್ತದೆ.

ಎಲ್ಲರದ್ದೂ ಅಷ್ಟು ಸಲೀಸಲ್ಲ. ಅಜ್ಜನ ಜೊತೆ ಪಾತಿ ದೋಣಿಯಲ್ಲಿ ಹೋಗುವ ಒಬ್ಬ ಹುಡುಗನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಾಳಿ ನದಿ ಸಮುದ್ರ ಸೇರುವ ಕಡೆ ಅವರ ಮನೆ. ಎರಡಂಕಿ ಗುಣಾಕಾರ ಬರುತ್ತಿರಲಿಲ್ಲ. ಗಂಟೆ ನಿಮಿಷ ಕೂಡಿಸಲು ಬರುತ್ತಿರಲಿಲ್ಲ. ಕೂತು ಮಾತಾಡಿದಾಗ ಅವನು ಒಂದೇ ಒಂದು ವಿಷಯ ಹೇಳಿದ. "ಭರತಿ ಯಾವಾಗ ಬರುತ್ತದೆ ಎಂದು ನನಗೆ ಗೊತ್ತು ಟೀಚರ್." ಭರತಿ ಅಂದರೆ ಸಮುದ್ರದ ಉಬ್ಬರ.

"ಹೇಗೆ ಗೊತ್ತು?"

"ಅಜ್ಜ ಹೇಳ್ತಾನೆ, ದಿನಕ್ಕೆ ಎರಡು ಘಳಿಗೆ ತಡ."

ಒಂದು ಘಳಿಗೆ ಅಂದರೆ 24 ನಿಮಿಷ. ಎರಡು ಘಳಿಗೆ 48 ನಿಮಿಷ. ಚಂದ್ರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅವನ ಹಿಂದೆಯೇ ತಡವಾಗುತ್ತದೆ. ದಿನಕ್ಕೆ ಎರಡು ಭರತಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ 12 ಗಂಟೆ 25 ನಿಮಿಷದಷ್ಟು ಅಂತರ. ನಾನು ಇದನ್ನು ಅವನಿಗೆ ಹೇಳಲಿಲ್ಲ. "ಅಜ್ಜ ಹೇಳಿದ್ದು ಸರಿಯಾ ಎಂದು ನೋಡುವುದು ಹೇಗೆ?" ಎಂದು ಮಾತ್ರ ಕೇಳಿದೆ. ಅವನಿಗೆ ಸಿಟ್ಟು ಬಂತು. ಅಜ್ಜ ತಪ್ಪು ಹೇಳುತ್ತಾನಾ? ಆ ಸಿಟ್ಟೇ ಬೇಕಾಗಿತ್ತು.

ದಕ್ಕೆಯ ಮೆಟ್ಟಿಲ ಮೇಲೆ ನೀರು ಎಷ್ಟು ಹೊತ್ತಿಗೆ ಯಾವ ಮೆಟ್ಟಿಲಿಗೆ ಬಂತು ಎಂದು ಅವನು ಬರೆಯಲು ಶುರು ಮಾಡಿದ. ಯಾರೂ ಹೇಳಿದ ಹೋಮ್‌ವರ್ಕ್ ಅಲ್ಲ, ಮಾರ್ಕೂ ಇಲ್ಲ. ಮಳೆಯಲ್ಲಿ ವಹಿ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದ. ನಿನ್ನೆಯ ಭರತಿ 10 ಗಂಟೆ 35 ನಿಮಿಷಕ್ಕೆ, ಇವತ್ತಿನದು 11 ಗಂಟೆ 20ಕ್ಕೆ. ಎಷ್ಟು ತಡ? ಇಪ್ಪತ್ತರಲ್ಲಿ ಮೂವತ್ತೈದು ಹೋಗುವುದಿಲ್ಲ. ಗಂಟೆಯಿಂದ ಸಾಲ ತರಬೇಕು, ತಂದರೆ ಹತ್ತು ಬರುವುದಿಲ್ಲ, ಅರವತ್ತು ಬರುತ್ತದೆ. ಅವನಿಗೆ ಕಡಿದಿದ್ದ ಜಾಗ ಅದೇ. ಅಲ್ಲಿ ಕೂತು ನಿಧಾನಕ್ಕೆ ಹೊಲಿದೆವು. ಮೊದಲು ಕಡ್ಡಿ ಕಟ್ಟಿಟ್ಟು ಹತ್ತರ ಸಾಲ, ಆಮೇಲೆ ಗಡಿಯಾರದ ಅರವತ್ತರ ಸಾಲ. ಅವನಿಗೆ ಉತ್ತರ ಬೇಕಾಗಿತ್ತು, ಅದಕ್ಕೇ ಕೂತ. ನನಗಾಗಿ ಅಲ್ಲ.

ವಹಿ ತುಂಬುತ್ತಾ ಹೋದ ಹಾಗೆ ಅವನ ಮುಖದಲ್ಲಿ ಗೊಂದಲ. ಹುಣ್ಣಿಮೆ ಆಸುಪಾಸಿನಲ್ಲಿ ನಲವತ್ತು ನಿಮಿಷದಷ್ಟೇ ತಡ. ಅಷ್ಟಮಿ ಹತ್ತಿರ ಬಂದಾಗ ಒಂದು ಗಂಟೆಗೂ ಜಾಸ್ತಿ. ಅಜ್ಜನ ಎರಡು ಘಳಿಗೆ ಎಲ್ಲಿಯೂ ಸರಿಯಾಗಿ ಕೂರುತ್ತಿಲ್ಲ. ಆಗ ಎಲ್ಲವನ್ನೂ ಕೂಡಿಸಿ ದಿನಗಳಿಂದ ಭಾಗಿಸು ಎಂದೆ. ನಲವತ್ತೆಂಟರ ಹತ್ತಿರ ಬಂತು. ಸರಾಸರಿ ಎನ್ನುವ ಪಾಠವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಮಾಡಿದ್ದೇನೆ. ಅದು ಯಾಕೆ ಬೇಕು ಎಂದು ಒಬ್ಬ ವಿದ್ಯಾರ್ಥಿಗೆ ಅಷ್ಟು ಚೆನ್ನಾಗಿ ಅರ್ಥವಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಇನ್ನೊಂದು ದಿನ ಅವನೇ ಕೇಳಿದ. ಹುಣ್ಣಿಮೆಗೂ ಅಮಾವಾಸ್ಯೆಗೂ ಭರತಿ ಒಂದೇ ಹೊತ್ತಿಗೆ ಬರುತ್ತದಲ್ಲ, ಎಂತಕ್ಕೆ? ನಡುವೆ ಎಷ್ಟು ತಿಥಿ ಎಂದು ಕೇಳಿದೆ. ಹದಿನೈದು. ಹಾಗಾದರೆ 48ನ್ನು 15ರಿಂದ ಗುಣಿಸು. ಅವನು ಹತ್ತು ಸಲ 480, ಐದು ಸಲ 240 ಎಂದು ಮುರಿದು ಮಾಡಿದ. ಕೂಡಿಸಿದರೆ 720. ಅರವತ್ತರಿಂದ ಭಾಗಿಸಿದ. ಸರಿಯಾಗಿ ಹನ್ನೆರಡು ಗಂಟೆ. ರಾತ್ರಿಯ ಭರತಿ ಹಗಲಿನದರ ಜಾಗಕ್ಕೆ ಬಂದು ಕೂತಿತು. ಅವನು ಪೆನ್ಸಿಲ್ ಕೆಳಗಿಟ್ಟು "ಅಯ್ಯೋ" ಎಂದ. ಲೆಕ್ಕ ಮಾಡಿ ಒಬ್ಬ ಹುಡುಗ ಸಂತೋಷದಿಂದ ಅಯ್ಯೋ ಅನ್ನುವುದನ್ನು ಕೇಳುವುದಕ್ಕಾಗಿಯೇ ನಾನು ಈ ಕೆಲಸದಲ್ಲಿ ಇದ್ದೇನೆ ಅನ್ನಿಸಿತು.

ಮೊಬೈಲಿನಲ್ಲಿ ತೋರಿಸುವ ಸಮಯಕ್ಕೂ ಅವನ ವಹಿಗೂ ಸ್ವಲ್ಪ ವ್ಯತ್ಯಾಸ ಇತ್ತು. ತೆರೆದ ಸಮುದ್ರಕ್ಕಿಂತ ಅಳಿವೆಯ ಒಳಗೆ ನೀರು ತಡವಾಗಿ ಏರುತ್ತದೆ ಎಂದು ಅವನೇ ಎಲ್ಲರಿಗೂ ವಿವರಿಸಿದ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಭಾರೀ ಮಾರ್ಕೇನೂ ಬರಲಿಲ್ಲ. ಆದರೆ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟಿರಲಿಲ್ಲ. ತಪ್ಪೋ ಸರಿಯೋ, ಎಲ್ಲಕ್ಕೂ ಕೈ ಹಾಕಿದ್ದ. ಖಾಲಿ ಹಾಳೆ ನೋಡಿ ಅಭ್ಯಾಸವಾದ ಯಾವ ಟೀಚರಿಗೂ ಇದು ಎಷ್ಟು ದೊಡ್ಡದು ಎಂದು ಗೊತ್ತು.

ಈ ಕಥೆ ಕೇಳಿದವರು "ಹಾಗಾದರೆ ಎಲ್ಲರಿಗೂ ಸಮುದ್ರದ ಲೆಕ್ಕ ಕೊಡೋಣ" ಅನ್ನುತ್ತಾರೆ. ಇಲ್ಲಿ ಬಹಳ ಎಚ್ಚರ ಬೇಕು. ಪರಿಸರಕ್ಕೆ ಹೊಂದುವ ಲೆಕ್ಕ ಎಂದು ಬಂಗಡೆ ಬುಟ್ಟಿ, ತಾರ್ಲೆ ಬುಟ್ಟಿಯ ಪ್ರಶ್ನೆಗಳನ್ನು ಕೊಡುವುದು ನಮ್ಮ ಕಡೆ ರೂಢಿ. ಒಂದು ದಿನ ಮೀನು ಮಾರುವ ತಾಯಿಯ ಮಗಳೊಬ್ಬಳು ಹಾಳೆ ಮಡಚಿಟ್ಟು ಕೇಳಿದಳು. "ಪೇಟೆಯ ಮಕ್ಕಳಿಗೆ ರೈಲು, ವಿಮಾನದ ಲೆಕ್ಕ. ನಮಗೆ ಮಾತ್ರ ಎಂತಕ್ಕೆ ಮೀನಿನ ಲೆಕ್ಕ ಟೀಚರ್?"

ಎಷ್ಟು ನ್ಯಾಯವಾದ ಪ್ರಶ್ನೆ! ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಾಯಿಯ ಜೊತೆ ಬಂದರಿಗೆ ಹೋಗಿ, ಮಂಜುಗಡ್ಡೆ ಒಡೆದು, ಮೀನು ಬೇರೆ ಮಾಡಿ, ಸ್ನಾನ ಮಾಡಿ ಶಾಲೆಗೆ ಬರುವ ಹುಡುಗಿ ಅವಳು. ಶಾಲೆ ಅವಳಿಗೆ ಆ ಬುಟ್ಟಿಯಿಂದ ಸ್ವಲ್ಪ ಹೊತ್ತು ದೂರ ಇರುವ ಜಾಗ. ಅಲ್ಲೂ ಮೀನು ತಂದು ಇಟ್ಟರೆ ಅವಳು ಹೋಗುವುದೆಲ್ಲಿಗೆ? ಮಗುವಿನ ಸುತ್ತ ಇರುವುದೇ ಮಗುವಿಗೆ ಇಷ್ಟ ಎಂದು ನಾವು ತೀರ್ಮಾನ ಮಾಡಬಾರದು. ಕೇಳಬೇಕು.

ಕೇಳಿದೆ. ಅಜ್ಜಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವಳು ರಾತ್ರಿ ಜೊತೆಗಿದ್ದಳಂತೆ. ನರ್ಸ್ ಒಬ್ಬರು ಬಂದು ಸಲೈನ್ ಬಾಟಲಿಯ ಕೆಳಗಿನ ಹನಿಗಳನ್ನು ನೋಡುತ್ತಾ, ಕೈಗಡಿಯಾರ ನೋಡುತ್ತಾ, ಚಕ್ರ ತಿರುಗಿಸಿ ಸರಿ ಮಾಡಿ ಹೋದರಂತೆ. "ಅವರು ಏನು ಎಣಿಸ್ತಿದ್ದರು ಟೀಚರ್?" ಎರಡು ವರ್ಷದಿಂದ ಈ ಪ್ರಶ್ನೆ ಅವಳೊಳಗೆ ಇತ್ತು. ಕೇಳಲು ಯಾರೂ ಸಿಕ್ಕಿರಲಿಲ್ಲ.

ಅದು ಪೂರ್ತಿ ಗಣಿತ. ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್. 500 ಎಂಎಲ್ ಬಾಟಲಿ ಎಂಟು ಗಂಟೆಯಲ್ಲಿ ಮುಗಿಯಬೇಕು. 500ಕ್ಕೆ 20 ಹನಿ ಅಂದರೆ ಹತ್ತು ಸಾವಿರ ಹನಿ. ಎಂಟು ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ನರ್ಸ್ ಎಣಿಸುತ್ತಿದ್ದದ್ದು ಅದನ್ನೇ. ಆದರೆ ಅವಳಿಗೆ ಭಾಗಾಕಾರ ಬರುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಭಾಗಾಕಾರ ನಡೆಯುವಾಗ ಮನೆ ಬದಲಾಗಿ ಶಾಲೆ ತಪ್ಪಿತ್ತು. 612ನ್ನು 6ರಿಂದ ಭಾಗಿಸು ಎಂದರೆ 12 ಎಂದು ಬರೆಯುತ್ತಿದ್ದಳು. ನಡುವಿನ ಸೊನ್ನೆ ಬಿಟ್ಟುಹೋಗುತ್ತಿತ್ತು. ತುಂಬಾ ಮಕ್ಕಳು ಎಡವುವುದು ಇದೇ ಸೊನ್ನೆಯಲ್ಲಿ. ತಪ್ಪು ಎಂದು ಕೆಂಪು ಗೆರೆ ಹಾಕುವ ಬದಲು "ಆರು ಹನ್ನೆರಡಲೆ ಎಷ್ಟು?" ಎಂದು ಕೇಳಿದೆ. ಎಪ್ಪತ್ತೆರಡು. ಆರುನೂರು ಎಲ್ಲಿ ಹೋಯಿತು? ಅವಳೇ ಹುಡುಕಿದಳು. ಆಮೇಲೆ ಪ್ರತಿ ಭಾಗಾಕಾರಕ್ಕೂ ಮೊದಲು ಉತ್ತರ ಹತ್ತಿರಹತ್ತಿರ ಎಷ್ಟು ಬರಬಹುದು ಎಂದು ಅಂದಾಜು ಬರೆದು, ಆಮೇಲೆ ಲೆಕ್ಕ ಮಾಡುವುದು ಅವಳ ಪದ್ಧತಿ ಆಯಿತು. ಔಷಧದ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಾಗಿಯೇ ಬರಲಿಲ್ಲ.

ಬಹುಮಾನದ ಬಗ್ಗೆ ಒಂದು ಮಾತು. ನಮ್ಮ ಶಾಲೆಗಳಲ್ಲಿ ಗೋಡೆಗೆ ಚಾರ್ಟ್ ಅಂಟಿಸಿ ಸ್ಟಾರ್ ಹಾಕುವುದು, ಪೆನ್ನು ಕೊಡುವುದು ಜಾಸ್ತಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು. ಕೆಲವು ದಿನಗಳ ನಂತರ ಬಿಡುವಿನ ಹೊತ್ತಿನಲ್ಲಿ ನೋಡಿದರೆ, ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಮೊದಲಿಗಿಂತ ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಉಳಿದವರಿಗೆ ಹಾಗೆ ಆಗಲಿಲ್ಲ. ಆಸೆ ಇದ್ದ ಕಡೆ ಬಹುಮಾನ ತಂದಿಟ್ಟರೆ ಆಸೆ ಬಹುಮಾನದ ಕಡೆ ತಿರುಗುತ್ತದೆ. ಅದಕ್ಕೇ ಭರತಿ ವಹಿಗೆ ನಾನು ಮಾರ್ಕ್ ಕೊಡಲಿಲ್ಲ. ಕೊಡಿ ಎಂದು ಸಹೋದ್ಯೋಗಿಗಳು ಹೇಳಿದ್ದರು.

ಡೆಸಿ ಮತ್ತು ರಯಾನ್ ಎಂಬ ಇಬ್ಬರು ಮನೋವಿಜ್ಞಾನಿಗಳು ದಶಕಗಳ ಕಾಲ ಇದೇ ವಿಷಯದಲ್ಲಿ ಕೆಲಸ ಮಾಡಿದ್ದಾರೆ. ಮನುಷ್ಯ ತಾನಾಗಿ ಒಂದು ಕೆಲಸದಲ್ಲಿ ತೊಡಗಬೇಕಾದರೆ ಮೂರು ಬೇಕು ಅನ್ನುತ್ತಾರೆ: ಇದು ನನ್ನ ಆಯ್ಕೆ ಎನ್ನುವ ಭಾವನೆ, ಇದು ನನ್ನ ಕೈಲಾಗುತ್ತದೆ ಎನ್ನುವ ಧೈರ್ಯ, ಇಲ್ಲಿ ನನ್ನವರು ಇದ್ದಾರೆ ಎನ್ನುವ ನೆಮ್ಮದಿ. ನನ್ನ ತರಗತಿಯ ಮಕ್ಕಳನ್ನು ನೋಡಿದರೆ, ಒಬ್ಬೊಬ್ಬರಿಗೆ ಒಂದೊಂದು ಕಡಿಮೆ ಬಿದ್ದಿರುತ್ತದೆ. ಭರತಿ ಹುಡುಗನಿಗೆ ಕೈಲಾಗುತ್ತದೆ ಎನ್ನುವುದು ಬೇಕಿತ್ತು. ಸಲೈನ್ ಲೆಕ್ಕದ ಹುಡುಗಿಗೆ ಆಯ್ಕೆ ಬೇಕಿತ್ತು. ಮೂರನೆಯದು ಬೇಕಾಗಿದ್ದ ಒಬ್ಬ ಹುಡುಗ ನನ್ನನ್ನು ಬಹಳ ಓಡಾಡಿಸಿದ.

ಅವನಿಗೆ ಯಕ್ಷಗಾನದ ಹುಚ್ಚು. ಮೇಳಗಳ ಜಿಲ್ಲೆಯಲ್ಲವೇ ನಮ್ಮದು, ಆಟ ಎಲ್ಲಿದ್ದರೂ ರಾತ್ರಿಯಿಡೀ ಚಂಡೆಯ ಪಕ್ಕ ಕೂರುತ್ತಿದ್ದ. ತಾಳದ ಲೆಕ್ಕ ಇಟ್ಟುಕೊಂಡು ಲಘುತ್ತಮ ಸಾಮಾನ್ಯ ಅಪವರ್ತ್ಯ ತೋರಿಸಿದೆ. ರೂಪಕದ ಆರು, ತ್ರಿವುಡೆಯ ಏಳು, ಎರಡೂ ಒಟ್ಟಿಗೆ ಶುರುವಾದರೆ ಮತ್ತೆ ಸೇರುವುದು ನಲವತ್ತೆರಡಕ್ಕೆ. ಒಂದು ದಿನ ಖುಷಿಪಟ್ಟ. ಮರುದಿನ ಮತ್ತೆ ಮೊದಲಿನ ಹಾಗೆ. ತಾಳ ಅವನಿಗೆ ಇಷ್ಟ, ಲೆಕ್ಕದ ಜೊತೆ ಅದನ್ನು ಸೇರಿಸುವುದು ಅವನಿಗೆ ಬೇಡ. ಬೇರೆ ದಾರಿ ಹುಡುಕಬೇಕಾಯಿತು. ಒಮ್ಮೆ ಆರನೇ ತರಗತಿಯ ಟೀಚರ್ ರಜೆಯಲ್ಲಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಇವನನ್ನು ಕಳಿಸಿದೆ. ಹೋಗಿ ನೋಡಿದರೆ ಇವನು ವೇಷಗಾರನ ಹಾಗೆ ನಿಂತು ಭಿನ್ನರಾಶಿ ಹೇಳುತ್ತಿದ್ದಾನೆ! ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದಾರೆ. ಅವನಿಗೆ ಬೇಕಾದದ್ದು ಸಭೆ. ತನ್ನನ್ನು ಕೇಳುವ ಜನ. ಆಮೇಲೆ ವಾರಕ್ಕೊಮ್ಮೆ ಅವನು ಆರನೇ ತರಗತಿಗೆ ಹೋಗುವ ವ್ಯವಸ್ಥೆ ಮಾಡಿದೆವು. ಹೋಗುವ ಹಿಂದಿನ ದಿನ ನನ್ನ ಹತ್ತಿರ ಬಂದು, ಛೇದ ಬೇರೆ ಇದ್ದರೆ ಯಾಕೆ ಹಾಗೆಯೇ ಕೂಡಿಸಬಾರದು, ಆ ಮಕ್ಕಳು ಕೇಳಿದರೆ ಏನು ಹೇಳಲಿ, ಎಂದು ಕೂತುಬಿಡುತ್ತಿದ್ದ. ತನಗಾಗಿ ಅವನು ಆ ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ.

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಹೇಳುವುದು ಕಷ್ಟ. "ತುಳಸಜ್ಜಿ ಶಾಲೆಗೆ ಹೋಗಿರಲಿಲ್ಲ, ಪದ್ಮಶ್ರೀ ಬಂತಲ್ಲ?" ಅಂಕೋಲಾ ತಾಲೂಕಿನ ಹೊನ್ನಳ್ಳಿಯ, ಕಾಡಿನ ಗಿಡ ಬೆಳೆಸಿ ಹೆಸರಾದ ತುಳಸಿ ಗೌಡರನ್ನು ನಮ್ಮ ಕಡೆ ಗೊತ್ತಿಲ್ಲದ ಮಕ್ಕಳಿಲ್ಲ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಶಾಲೆಯಲ್ಲೂ ಎಲ್ಲರ ಬಾಯಲ್ಲಿ ಅದೇ ಮಾತು. ಶಾಲೆ ಬೇಡ ಎನ್ನುವುದಕ್ಕೆ ಒಬ್ಬ ಹುಡುಗ ಈ ಪ್ರಶ್ನೆ ಕೇಳಿದ್ದ. ಶಾಲೆ ಬೇಕು ಎಂದು ನಾನು ವಾದ ಮಾಡಲಿಲ್ಲ. ಅವರು ಹೇಗೆ ಕಲಿತಿರಬಹುದು ಎಂದು ಎಲ್ಲರೂ ಸೇರಿ ಮಾತಾಡಿದೆವು. ಯಾವ ಮರದ ಬೀಜ ಯಾವಾಗ ಬಲಿಯುತ್ತದೆ, ಯಾವ ತಾಯಿಮರದಿಂದ ತೆಗೆಯಬೇಕು, ಹೇಗೆ ಬಿತ್ತಬೇಕು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬಹಳ ವರ್ಷ ಕೈಯಾರೆ ಮಾಡಿ, ನೋಡಿ, ಮತ್ತೆ ಮಾಡಿ ತಿಳಿದದ್ದು. ಕೊನೆಗೆ ಒಬ್ಬ ಹುಡುಗಿ ಹೇಳಿದಳು: "ಅವರೂ ದಿನಾ ಹೋಗ್ತಿದ್ದರು. ಕಾಡಿಗೆ." ಅದಕ್ಕಿಂತ ಜಾಸ್ತಿ ನಾನು ಏನೂ ಸೇರಿಸಲಿಲ್ಲ.

ಎಲ್ಲರೂ ಉಳಿಯುವುದಿಲ್ಲ. ಐದನೇ ತರಗತಿಯಲ್ಲಿ ಬೋರ್ಡಿನ ಮುಂದೆ ನಗೆಗೀಡಾದ ಆ ಹುಡುಗ ಜುಲೈ ಕೊನೆಗೆ ಮೊದಲ ಸಲ ಕೈ ಎತ್ತಿದ. ಉತ್ತರ ಸರಿ ಇತ್ತು. ಆಗಸ್ಟಿನಲ್ಲಿ ಬೋಟಿಗೆ ಹೋದ. ಮನೆಯಲ್ಲಿ ಸಾಲ, ಅಪ್ಪ ಇಲ್ಲ, ಅಣ್ಣ ಗೋವಾದಲ್ಲಿ. ನಾನು ಮನೆಗೆ ಹೋಗಿ ಅವನ ತಾಯಿಯ ಹತ್ತಿರ ಮಾತಾಡಿದೆ. "ಅಕ್ಕೋರೆ, ನೀವು ಹೇಳೂದು ಸರಿ, ಆದರೆ ಈ ತಿಂಗಳ ಕಂತು ಯಾರು ಕಟ್ಟತಾರೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲಿಯುವ ಆಸೆ ಹುಟ್ಟಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ಹೇಳುವವರು ಒಮ್ಮೆ ಇಂಥ ಮನೆಯ ಜಗುಲಿಯಲ್ಲಿ ಕೂರಬೇಕು. ಆಸೆ ಹುಟ್ಟಿತ್ತು. ಕಂತು ಅದಕ್ಕಿಂತ ದೊಡ್ಡದಾಗಿತ್ತು. ಅವನ ಹೆಸರನ್ನು ನಾನು ಹಾಜರಿಯಿಂದ ತೆಗೆಯಲು ಬಿಟ್ಟಿಲ್ಲ. ಬಂದರಿಗೆ ಹೋದಾಗ ಸಿಕ್ಕರೆ ಮಾತಾಡುತ್ತೇನೆ, ಪರೀಕ್ಷೆ ಅರ್ಜಿಯ ದಿನಾಂಕ ಹೇಳುತ್ತೇನೆ. ಈಗ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ ಎಂದೂ ಹೇಳಿದ್ದೇನೆ. ಕೇಳಿಸಿಕೊಳ್ಳುತ್ತಾನೆ.

ಹತ್ತನೇ ತರಗತಿಗೆ ಬಂದ ಮೇಲೆ ಈ ಕೆಲಸ ಇನ್ನೂ ಕಷ್ಟ. ಜಿಲ್ಲೆಯ ಫಲಿತಾಂಶ, ಶಾಲೆಯ ಫಲಿತಾಂಶ ಎಂಬ ಒತ್ತಡ. ಪಾಸಿಂಗ್ ಪ್ಯಾಕೇಜ್ ಎಂದು ಕೆಲವೇ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪಾಸಾಗುವುದು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಪಾಸಾಗದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಆದರೆ ನಕ್ಷೆ ಬಿಡಿಸಿ ನಾಲ್ಕು ಮಾರ್ಕ್ ತೆಗೆ ಎಂದು ಮಾತ್ರ ಕೇಳಿಸಿಕೊಂಡ ಮಗು ತನ್ನ ಬಗ್ಗೆ ಏನು ತಿಳಿದುಕೊಳ್ಳುತ್ತದೆ? ನಿನ್ನಿಂದ ಇಷ್ಟೇ ಆಗುವುದು ಎಂದು. ಹಾಗಾಗಿ ಪ್ಯಾಕೇಜಿನ ಜೊತೆಗೇ, ವಾರಕ್ಕೆ ಒಂದು ಲೆಕ್ಕ ಅವರೇ ಆರಿಸಿಕೊಂಡದ್ದು ಇರಲಿ ಎಂದು ಹಟ ಹಿಡಿಯುತ್ತೇನೆ. ಹೊಗಳುವಾಗಲೂ "ಬುದ್ಧಿವಂತ" ಅನ್ನುವುದಿಲ್ಲ. "ಮೂರು ಸಲ ಅಳಿಸಿ ಮತ್ತೆ ಮಾಡಿದೆಯಲ್ಲ, ಅದಕ್ಕೇ ಬಂತು" ಅನ್ನುತ್ತೇನೆ. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಲೆಕ್ಕ ಬಂದಾಗ ಬೇಗ ಕೈಬಿಡುತ್ತಾರೆ, ಶ್ರಮವನ್ನು ಹೊಗಳಿಸಿಕೊಂಡವರು ಮುಂದುವರಿಸುತ್ತಾರೆ ಎಂದು ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲೇ ತೋರಿಸಿದ್ದಾರೆ. ಕೇಳಲು ಸಣ್ಣ ವಿಷಯ, ಆದರೆ ನಾಲಿಗೆಗೆ ಅಭ್ಯಾಸ ಆಗಲು ಹೊತ್ತು ಬೇಕು.

ಪಾಲಕರ ಸಭೆಯಲ್ಲಿ ಈಗ ಮಾರ್ಕ್ಸ್ ಕಾರ್ಡ್ ಕೊಡುವ ಮೊದಲು "ನಿಮ್ಮ ಮಗು ಮನೆಯಲ್ಲಿ ಯಾವ ಕೆಲಸ ಚೆನ್ನಾಗಿ ಮಾಡುತ್ತದೆ?" ಎಂದು ಕೇಳುತ್ತೇನೆ. ಮೊದಲು ಅವರಿಗೆ ಅನುಮಾನ, ಇದು ಬೈಯುವುದಕ್ಕೆ ಪೀಠಿಕೆಯೇನೋ ಎಂದು. ಆಮೇಲೆ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಮಗು ಕೇಳಿಸಿಕೊಳ್ಳುತ್ತದೆ. ತನ್ನ ಅಪ್ಪ ಶಾಲೆಯಲ್ಲಿ ತನ್ನ ಬಗ್ಗೆ ಒಳ್ಳೆಯ ಮಾತಾಡುವುದನ್ನು ಕೆಲವರು ಕೇಳುವುದು ಅದೇ ಮೊದಲು.

ಶಿರಸಿ ಕಡೆ ಕಲಿಸುವ ಗೆಳತಿಯೊಬ್ಬಳು ಅಡಿಕೆ ಕೊಯ್ಲಿನ ಕಾಲದಲ್ಲಿ ತನ್ನ ಮಕ್ಕಳೂ ಹೀಗೇ ತಪ್ಪಿಸಿಕೊಳ್ಳುತ್ತಾರೆ ಎಂದು ಹೇಳಿ, ಇದಕ್ಕೆಲ್ಲ ನಿನಗೆ ಟೈಮ್ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಎಲ್ಲ ಟೀಚರುಗಳೂ ಇದನ್ನೇ ಕೇಳುತ್ತಾರೆ. ಮಳೆ ಜೋರಾಗಿ ಪ್ರಾರ್ಥನೆ ರದ್ದಾದ ದಿನಗಳು, ಬಿಸಿಯೂಟದ ನಂತರದ ಹದಿನೈದು ನಿಮಿಷ, ಬಸ್ಸು ಬರುವವರೆಗಿನ ಸಂಜೆ. ತರಗತಿಯ ಎಲ್ಲರ ಜೊತೆ ಒಂದೇ ವರ್ಷದಲ್ಲಿ ಆಗುವುದಿಲ್ಲ, ಐದಾರು ಮಕ್ಕಳಿಂದ ಶುರು ಮಾಡಿ ಎಂದು ಹೇಳುತ್ತೇನೆ. ಗೇಮ್ಸ್ ಪೀರಿಯಡ್ ಮಾತ್ರ ತೆಗೆದುಕೊಳ್ಳಬೇಡಿ. ಓದಿನಲ್ಲಿ ಹಿಂದಿರುವ ಮಕ್ಕಳನ್ನೇ ಆ ಹೊತ್ತಿನಲ್ಲಿ ಒಳಗೆ ಕೂರಿಸಿ ಲೆಕ್ಕ ಮಾಡಿಸುವುದು ನಮ್ಮ ಶಾಲೆಗಳಲ್ಲಿ ಸಾಮಾನ್ಯ. ಅವರಲ್ಲಿ ಎಷ್ಟೋ ಮಕ್ಕಳಿಗೆ ಇಡೀ ವಾರದಲ್ಲಿ ಗೆಲ್ಲಲು ಸಿಗುವುದು ಅದೊಂದೇ ಪೀರಿಯಡ್.